ಗುಡ್ಡಕ್ಕೆ ಹೊರಟಿರಾ? ಮೊದಲು ಉಂಡು ಹೊರಡಿ

ನೀವು ಮಣ್ಣಿನ ದಾರಿಯಲ್ಲಿ ನಡೆದು ಎಷ್ಟು ದಿನ ಆಯಿತು? ಸಂತೆಗೆ, ಮಕ್ಕಳ ಶಾಲೆಗೆ, ಗುಡಿಗೆ ನಡೆದದ್ದನ್ನು ಲೆಕ್ಕ ಹಿಡಿಯಬೇಡಿ. ಕೈಯಲ್ಲಿ ತರಕಾರಿ ಚೀಲ ಇಲ್ಲದೆ, ತಲೆಯಲ್ಲಿ ಕುಕ್ಕರ್ ಸೀಟಿಯ ಲೆಕ್ಕ ಇಲ್ಲದೆ, ಸುಮ್ಮನೆ ಗಾಳಿಗೆ ಮುಖ ಕೊಟ್ಟು ನಡೆದದ್ದು? ನೆನಪಿಗೆ ಬರುತ್ತಿಲ್ಲ ಅಲ್ಲವೇ? ನನಗೂ ಬಂದಿರಲಿಲ್ಲ.

ಎರಡು ವರ್ಷದ ಹಿಂದಿನ ಡಿಸೆಂಬರ್ ತಿಂಗಳು. ನಮ್ಮ ಓಣಿಯ ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಬೀಸಿ ಹಾಕಲು ಸೇರುತ್ತೇವೆ. ದುಡ್ಡು ಎಣಿಸಿ, ಚಹಾ ಕುಡಿದು, ಮೊಣಕಾಲು ನೋವು, ಶುಗರ್, ಥೈರಾಯ್ಡ್ ಅಂತ ಮಾತಾಡಿ ಎದ್ದು ಹೋಗುವುದು ರೂಢಿ. ಆ ದಿನ ಎದುರು ಮನೆಯ ಕಾಕು, “ಬರೇ ಕುಂತು ಕುಂತು ನೋವಿನ ಮಾತು ಆಡೋದು ಆಯ್ತು. ಒಂದಿನ ಎಲ್ಲರೂ ಕೂಡಿ ಗುಡ್ಡಕ್ಕ ನಡಕೊಂತ ಹೋಗಿ ಬರೂಣು ಬರ್ರಿ” ಅಂದರು. ಕಾಕುಗೆ ಅರವತ್ತೊಂದು ವರ್ಷ! ಅವರೇ ಹೊರಟ ಮೇಲೆ ನಾವು ಹಿಂದೆ ಬೀಳುವುದುಂಟೇ? ಹನ್ನೊಂದು ಮಂದಿ ಹೂಂ ಅಂದೆವು. ಹೋಗಿ ಬಂದೆವು ಕೂಡ. ಆದರೆ ಆ ದಿನ ನಾವು ಮಾಡಿದ ಒಂದು ತಪ್ಪು ನಮ್ಮಲ್ಲೊಬ್ಬರ ಜೀವಕ್ಕೆ ಕುತ್ತು ತರುವುದರಲ್ಲಿತ್ತು. ನೀವೂ ಗೆಳತಿಯರೊಂದಿಗೆ ಇಂಥ ನಡಿಗೆಗೆ ಹೊರಡುವುದಾದರೆ, ದಯವಿಟ್ಟು ಇದನ್ನು ಓದಿಯೇ ಹೊರಡಿ.

ನಡಿಗೆ ನಮಗೆ ಹೊಸದಲ್ಲ

“ಈ ವಯಸ್ಸಿನಲ್ಲಿ ಗುಡ್ಡ ಹತ್ತೋದಾ? ಅದೆಲ್ಲ ಬೆಂಗಳೂರಿನ ಹುಡುಗ ಹುಡುಗಿಯರ ಹುಚ್ಚು” ಅಂತ ನಿಮ್ಮ ಮನೆಯಲ್ಲೂ ಅನ್ನಬಹುದು. ನಿಜ ಹೇಳಬೇಕೆಂದರೆ ನಡೆಯುವುದು ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಹೊಸದೇ ಅಲ್ಲ. ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ, ಶೀಗಿ ಹುಣ್ಣಿಮೆಗೆ ತುಳಜಾಪುರದ ಅಂಬಾಭವಾನಿಗೆ ಪಾದಯಾತ್ರೆ ಹೋಗುವವರಲ್ಲಿ ಹೆಣ್ಣುಮಕ್ಕಳು ಕಡಿಮೆಯೇನಿಲ್ಲ. ದಿನಗಟ್ಟಲೆ ನಡೆಯುತ್ತಾರೆ, ಕಾಲಿಗೆ ಬೊಬ್ಬೆ ಬಂದರೂ ನಿಲ್ಲುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಇಡೀ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆ ಉಂಡು ಬರುವುದು ಯಾರಿಗೆ ಗೊತ್ತಿಲ್ಲ?

ಆದರೆ ಒಂದು ಮಾತು ಗಮನಿಸಿದ್ದೀರಾ? ದೇವರ ಹೆಸರಿಗೆ ಹೋದರೆ ಮನೆಯಲ್ಲಿ ಒಪ್ಪಿಗೆ ಸುಲಭ. ಹೊಲಕ್ಕೆ ಹೋದರೆ ಬುತ್ತಿ ಕಟ್ಟುವವರು, ಬಡಿಸುವವರು, ಪಾತ್ರೆ ತಿಕ್ಕುವವರು ನಾವೇ. ಬರೀ ನಮಗಾಗಿ, ನಮ್ಮ ಆರೋಗ್ಯಕ್ಕಾಗಿ ಅಂತ ಒಂದು ದಿನ ಕೇಳಿದರೆ ಮಾತ್ರ ಎಲ್ಲರ ಹುಬ್ಬು ಮೇಲೇರುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಡುಗೆ ಮನೆಯಿಂದ ಹಿತ್ತಲಿಗೆ ನೂರು ಸಲ ಓಡಾಡಿದ್ದು ಇದರ ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ. ಅಲ್ಲಿ ಉಸಿರಿನ ಗತಿ ಏರುವುದಿಲ್ಲ, ಮನಸ್ಸಿಗೂ ಬಿಡುವಿಲ್ಲ.

ಕಮಲಾಪುರವೇ ಯಾಕೆ?

ಕಲಬುರಗಿಯವರಿಗೆ ಕಮಲಾಪುರ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಹುಮನಾಬಾದ್, ಬೀದರ್ ಕಡೆಗೆ ಹೋಗುವ ಬಸ್ಸುಗಳು ಇದೇ ದಾರಿಯಲ್ಲಿ ಹೋಗುತ್ತವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆಯಲ್ಲಿ ಟಿಕೆಟ್ ದುಡ್ಡಿನ ಚಿಂತೆಯೂ ಇಲ್ಲ, ಗುರುತಿನ ಚೀಟಿ ಮರೆಯದಿದ್ದರೆ ಆಯಿತು. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವೂ ಶುರುವಾಗಿದೆ. ಈ ಮಾರ್ಗಕ್ಕಾಗಿ ಗುಡ್ಡ ಕೊರೆದು ಸುರಂಗ ಮಾಡಿದ್ದಾರೆ ಅಂದರೆ ನೆಲದ ಏರಿಳಿತ ಎಂಥದ್ದೆಂದು ನೀವೇ ಊಹಿಸಿ.

ಕಲಬುರಗಿ ಎಂದರೆ ಬಟಾಬಯಲು, ಬಿಸಿಲು, ಎರಿ ಮಣ್ಣು ಎಂದು ಹೊರಗಿನವರು ತಿಳಿದಿದ್ದಾರೆ. ಕಮಲಾಪುರದ ಕಡೆ ಹೋದರೆ ಈ ಮಾತು ಸುಳ್ಳಾಗುತ್ತದೆ. ರಸ್ತೆ ಮೇಲೇರುತ್ತದೆ, ಗುಡ್ಡಗಳು ಎದುರಾಗುತ್ತವೆ. ತಗ್ಗಿನಲ್ಲಿ ಬಾಳೆ ತೋಟ, ಬಯಲಲ್ಲಿ ತೊಗರಿ, ಜೋಳ, ಮೇಲೆ ಕುರುಚಲು ಕಾಡು. ಇಲ್ಲಿನ ಕೆಂಪು ಬಾಳೆಗೆ ಜಿಐ ಟ್ಯಾಗ್ ಸಿಕ್ಕಿದೆ. ನೆಟ್ಟ ಮೇಲೆ ಗೊನೆ ಕೈಗೆ ಬರಲು ಹತ್ತಿರ ಹತ್ತಿರ ಒಂದೂವರೆ ವರ್ಷ ಕಾಯಬೇಕು. ಅದಕ್ಕೇ ಇದರ ಬೆಲೆಯೂ ಜಾಸ್ತಿ. ಕಲಬುರಗಿಯ ತೊಗರಿ ಬೇಳೆಗೂ 2019ರಲ್ಲಿ ಜಿಐ ಟ್ಯಾಗ್ ಬಂತು. ದಿನಾ ನಾವು ಕುಕ್ಕರ್‌ಗೆ ಹಾಕುವ ಬೇಳೆ ಗಿಡದ ಮೇಲೆ ಹೇಗಿರುತ್ತದೆ ಅಂತ ನಮ್ಮ ಮಕ್ಕಳಿಗೆ ಗೊತ್ತೇ? ನಮ್ಮ ಗುಂಪಿನಲ್ಲೇ ಇಬ್ಬರಿಗೆ ಗೊತ್ತಿರಲಿಲ್ಲ!

ಹೋಗುವುದಾದರೆ ನವೆಂಬರ್‌ನಿಂದ ಜನವರಿಯೊಳಗೆ ಹೋಗಿ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಈ ಹುಚ್ಚು ಬೇಡವೇ ಬೇಡ. ಮಳೆ ಬಿದ್ದ ಮರುದಿನವೂ ಬೇಡ. ಎರಿ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲು ಒಂದೊಂದು ಸೇರು ಭಾರ ಆಗುತ್ತದೆ. ಚಳಿಗಾಲದಲ್ಲಿ ತೊಗರಿ ಕಾಯಿ ಕಟ್ಟಿರುತ್ತದೆ, ಕಡಲೆ ಹೊಲದಲ್ಲಿ ಸುಲಗಾಯಿ, ಗುಡ್ಡದ ಮೇಲೆ ಬಾರಿ ಹಣ್ಣು. ಜನವರಿ ದಾಟುವ ಹೊತ್ತಿಗೆ ಸೀತನಿಯ ಕಾಲ.

ಆ ದಿನ ಆದದ್ದು

ಬೆಳಿಗ್ಗೆ ಆರೂವರೆ ಬಸ್ಸು ಎಂದು ಗೊತ್ತು ಮಾಡಿದ್ದೆವು. ಕಮಲಾಪುರದಲ್ಲಿ ಇಳಿದು ಬಾಳೆ ತೋಟದ ಪಕ್ಕದ ದಾರಿ ಹಿಡಿದು, ಹೊಲಗಳನ್ನು ದಾಟಿ, ಗುಡ್ಡ ಹತ್ತಿ, ಮೇಲಿನ ಗಿಡಮರಗಳ ನೆರಳಲ್ಲಿ ಬುತ್ತಿ ಬಿಚ್ಚಿ, ಇನ್ನೊಂದು ದಾರಿಯಿಂದ ಇಳಿದು ಬರುವುದು. ಒಟ್ಟು ಆರು ಕಿಲೋಮೀಟರ್ ಇದ್ದೀತು. ಅಲ್ಲೇ ತವರುಮನೆ ಇರುವ ಗೆಳತಿಯ ತಮ್ಮ ದಾರಿ ತೋರಿಸಲು ಬಂದಿದ್ದ.

ಹೊಲದ ಬದುವಿನ ಮೇಲೆ ಸಾಲಾಗಿ ಹೊರಟಾಗ ಎಲ್ಲರಿಗೂ ರೆಕ್ಕೆ ಬಂದಂತೆ. ಮಕ್ಕಳಂತೆ ನಗು, ಕೂಗು, ಫೋಟೋ. ಗುಡ್ಡದ ಏರು ಶುರುವಾದಾಗ ಗುಂಪು ತಾನೇ ಎರಡಾಯಿತು. ಬಿರುಸಿನವರು ಮುಂದೆ, ಉಳಿದವರು ಹಿಂದೆ. ಎಲ್ಲರಿಗಿಂತ ಹಿಂದೆ ನಮ್ಮ ಪಕ್ಕದ ಮನೆಯ ವೈನಿ. ಅವರಿಗೆ ನಲವತ್ತಾರು ವರ್ಷ. ತಿರುಗಿ ನೋಡಿದಾಗಲೆಲ್ಲ ಕೈ ಬೀಸಿ, “ನೀವು ನಡೀರಿ, ನಾ ನಿಧಾನಕ್ಕ ಬರ್ತೀನಿ” ಅನ್ನುತ್ತಿದ್ದರು. ನಾವು ನಡೆದೆವು.

ಮೇಲೆ ಮುಟ್ಟಿದಾಗ ತಂಪು ಗಾಳಿ, ಕೆಳಗೆ ಹಸಿರು ಹಳದಿ ಚೌಕಗಳ ಹಾಗೆ ಹೊಲಗಳು. ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳೋಣ ಎಂದು ಎಣಿಸಿದರೆ ಹತ್ತೇ ಮಂದಿ! ವೈನಿ ಇಲ್ಲ. ಫೋನ್ ಮಾಡಿದರೆ ನೆಟ್‌ವರ್ಕ್ ಇಲ್ಲ. ಅಷ್ಟು ಹೊತ್ತಿನ ನಗು ಎಲ್ಲಿ ಹೋಯಿತೋ! ನಾನು, ಟೀಚರ್ ಅಕ್ಕ ಮತ್ತು ದಾರಿ ತೋರಿಸಲು ಬಂದ ಹುಡುಗ ಬಂದ ದಾರಿಯಲ್ಲೇ ಕೆಳಗೆ ಓಡಿದೆವು.

ಅರ್ಧ ದಾರಿಯಲ್ಲಿ ಒಂದು ಬೇವಿನ ಮರದ ಬುಡಕ್ಕೆ ವೈನಿ ಒರಗಿ ಕೂತಿದ್ದರು. ಚಳಿಗಾಲದ ಬೆಳಗಿನಲ್ಲೂ ಮೈಯೆಲ್ಲ ಬೆವರು, ಕೈ ಗಡಗಡ ನಡುಗುತ್ತಿತ್ತು. “ಏನಾತ್ರಿ ವೈನಿ?” ಅಂದರೆ, “ಬಸ್ ಬಂತೇನು?” ಅಂದರು. ನನ್ನ ಎದೆ ಧಸಕ್ಕೆಂದಿತು. ಪಕ್ಕದಲ್ಲಿ ತಾಂಡಾದ ಒಬ್ಬ ವಯಸ್ಸಾದ ತಾಯಿ ಕೂತಿದ್ದರು. ಕಟ್ಟಿಗೆಗೆ ಬಂದವರು. ತಮ್ಮ ಗಂಟಿನಲ್ಲಿದ್ದ ಬೆಲ್ಲದ ಚೂರನ್ನು ವೈನಿಯ ಬಾಯಿಗಿಟ್ಟು, ನೀರು ಕುಡಿಸಿ, ಸೆರಗಿನಿಂದ ಗಾಳಿ ಹಾಕುತ್ತಿದ್ದರು. ನಮ್ಮನ್ನು ನೋಡಿ, “ಹೊಟ್ಟಿಗೆ ಏನೂ ತಿಂದಿಲ್ಲ ಈಕಿ. ನೀವು ಹ್ಯಾಂಗ ಬಿಟ್ಟು ಹೋದ್ರಿ?” ಎಂದು ಬಯ್ದರು. ತಲೆ ತಗ್ಗಿಸುವುದು ಬಿಟ್ಟರೆ ನಮ್ಮ ಬಳಿ ಉತ್ತರ ಇರಲಿಲ್ಲ.

ಟೀಚರ್ ಅಕ್ಕನ ಚೀಲದಲ್ಲಿದ್ದ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ ಕುಡಿಸಿದೆವು. ಕಾಲು ತಾಸಿನಲ್ಲಿ ನಡುಕ ನಿಂತಿತು, ಮಾತು ಸರಿಹೋಯಿತು. ಮೇಲೆ ಒಂದು ಬಾಳೆಹಣ್ಣು, ಒಂದು ಧಪಾಟಿ ತಿನ್ನಿಸಿದೆವು. ಆಮೇಲಷ್ಟೇ ಅವರು ಅತ್ತದ್ದು.

ತಪ್ಪು ಎಲ್ಲಿತ್ತು?

ವಾಪಸ್ ಬರುವಾಗ ವೈನಿ ಒಂದೊಂದೇ ಬಿಡಿಸಿ ಹೇಳಿದರು. ನಸುಕಿನ ಮೂರೂವರೆಗೆ ಎದ್ದಿದ್ದಾರೆ. ಮನೆಯವರಿಗೆ ಮಧ್ಯಾಹ್ನದ ತನಕ ಬೇಕಾದ ರೊಟ್ಟಿ, ಪಲ್ಯ, ಮಾವನವರ ಪಥ್ಯದ ಗಂಜಿ, ಮಕ್ಕಳ ಡಬ್ಬಿ, ನಮಗೆಲ್ಲ ಇಪ್ಪತ್ತು ಧಪಾಟಿ, ಶೇಂಗಾ ಹಿಂಡಿ. ರೂಢಿಯಂತೆ ಶುಗರ್ ಗುಳಿಗಿ ನುಂಗಿದ್ದಾರೆ. ನಾಷ್ಟಾ ಮಾಡಲು ಹೊತ್ತೇ ಸಿಕ್ಕಿಲ್ಲ, ಬಸ್ಸು ತಪ್ಪೀತೆಂದು ಬಂದುಬಿಟ್ಟಿದ್ದಾರೆ. ಇಪ್ಪತ್ತು ಧಪಾಟಿ ಅವರ ಚೀಲದಲ್ಲೇ ಇತ್ತು! ಆದರೆ ಎಲ್ಲರೂ ಕೂತು ತಿನ್ನುವ ಮೊದಲು ತಾನೊಬ್ಬಳೇ ಬಿಚ್ಚಿ ತಿನ್ನುವುದು ಹೇಗೆ ಎಂಬ ಸಂಕೋಚ. ತಲೆ ಸುತ್ತಿದಾಗಲೂ, “ನನ್ನ ಸಲುವಾಗಿ ಎಲ್ಲರಿಗೂ ಯಾಕ ತ್ರಾಸ” ಎಂದು ಸುಮ್ಮನಿದ್ದಾರೆ.

ಈಗ ನಿಮ್ಮ ಎದೆ ಮುಟ್ಟಿ ಹೇಳಿ, ಇದು ವೈನಿ ಒಬ್ಬರ ಕಥೆಯೇ? ಊರಿಗೆ ಹೊರಡುವ ದಿನ, ಮದುವೆಗೆ ಹೊರಡುವ ದಿನ, ಆಸ್ಪತ್ರೆಗೆ ಹೊರಡುವ ದಿನ ಕೂಡ ಎಲ್ಲರಿಗೂ ಮಾಡಿಟ್ಟು ಉಪವಾಸ ಹೊರಡುವವರು ನಾವಲ್ಲವೇ? ಮನೆಯಲ್ಲಾದರೆ ಹೇಗೋ ನಡೆಯುತ್ತದೆ. ಗುಡ್ಡದ ದಾರಿಯಲ್ಲಿ ನಡೆಯುವುದಿಲ್ಲ. ಇನ್ಸುಲಿನ್ ಅಥವಾ ಕೆಲವು ಬಗೆಯ ಶುಗರ್ ಗುಳಿಗೆ ತೆಗೆದುಕೊಂಡು, ಊಟ ಬಿಟ್ಟು, ಮೇಲಿಂದ ದಣಿವಿನ ಕೆಲಸ ಮಾಡಿದರೆ ರಕ್ತದ ಸಕ್ಕರೆ ಸರ್ರನೆ ಇಳಿಯುತ್ತದೆ. ಬೆವರು, ನಡುಕ, ವಿಪರೀತ ಹಸಿವು, ಸಿಡಿಮಿಡಿ, ಗೊಂದಲದ ಮಾತು ಇದರ ಲಕ್ಷಣ. ಗಮನಿಸದಿದ್ದರೆ ಪ್ರಜ್ಞೆ ತಪ್ಪುತ್ತದೆ.

ಹೀಗಾದಾಗ ಎಚ್ಚರ ಇದ್ದವರಿಗೆ ತಕ್ಷಣ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ. ಚೇತರಿಸಿಕೊಂಡ ಮೇಲೆ ರೊಟ್ಟಿಯೋ ಅನ್ನವೋ ಏನಾದರೂ ತಿನ್ನಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ನೀರು, ಸಕ್ಕರೆ ಏನನ್ನೂ ಹಾಕಬಾರದು, ಉಸಿರಿಗೆ ಅಡ್ಡವಾಗುತ್ತದೆ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿ.

ನಮ್ಮದೂ ತಪ್ಪಿತ್ತು. ಯಾರಿಗೆ ಏನು ಕಾಯಿಲೆ ಎಂದು ನಾವು ಕೇಳಿರಲಿಲ್ಲ. ಬೀಸಿಯಲ್ಲಿ ದಿನಗಟ್ಟಲೆ ನೋವಿನ ಮಾತಾಡಿದವರೇ ಹೊರಡುವ ದಿನ ಒಂದು ಮಾತು ಕೇಳಲಿಲ್ಲ! “ನೀವು ನಡೀರಿ” ಅಂದಾಗ ನಿಂತಿರಬೇಕಿತ್ತು, ನಡೆದೆವು.

ಎಂಜಿನ್ ಮತ್ತು ಗಾರ್ಡ್

ಆವತ್ತಿನಿಂದ ನಮ್ಮ ಗುಂಪಿನಲ್ಲಿ ಒಂದು ಕಟ್ಟುಪಾಡು. ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ ಅವರೇ ಮುಂದೆ. ಅವರು ನಮ್ಮ ಎಂಜಿನ್. ಅವರನ್ನು ದಾಟಿ ಯಾರೂ ಹೋಗುವಂತಿಲ್ಲ. ಎಲ್ಲರಿಗಿಂತ ಗಟ್ಟಿ ಇರುವವರು ಕೊನೆಗೆ. ಅವರು ಗಾರ್ಡ್. ಸೀಟಿ, ಔಷಧಿ ಚೀಲ, ಹೆಚ್ಚಿನ ನೀರು ಅವರ ಬಳಿ. ಗಾರ್ಡ್‌ನ ಹಿಂದೆ ಯಾರೂ ಉಳಿಯುವಂತಿಲ್ಲ. ಪ್ರತಿ ಅರ್ಧ ತಾಸಿಗೆ ನಿಂತು ಎಣಿಕೆ. ಎಣಿಕೆ ಸರಿಹೋಗದೆ ಮುಂದಿನ ಹೆಜ್ಜೆ ಇಲ್ಲ.

ವೇಗ ಎಷ್ಟಿರಬೇಕು? ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಅಷ್ಟು ಸಾಕು. ಮಾತೇ ಆಡಲಾಗದಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ.

ಹೊತ್ತಿನ ಲೆಕ್ಕಕ್ಕೆ ಒಂದು ಹಳೆಯ ಸೂತ್ರ ಇದೆ. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಕೊಟ್ಟದ್ದು. ಸಮನೆಲದಲ್ಲಿ 5 ಕಿಲೋಮೀಟರ್‌ಗೆ ಒಂದು ತಾಸು, ಪ್ರತಿ 100 ಮೀಟರ್ ಏರಿಗೆ ಸುಮಾರು ಹತ್ತು ನಿಮಿಷ ಜಾಸ್ತಿ. ಈ ಲೆಕ್ಕದಲ್ಲಿ ಆರು ಕಿಲೋಮೀಟರ್ ದಾರಿ, 100 ಮೀಟರ್ ಏರು ಇದ್ದರೆ ಒಂದೂವರೆ ತಾಸೊಳಗೆ ಮುಗಿಯಬೇಕು. ಆದರೆ ಅದು ರೂಢಿಯಿರುವ ಗಟ್ಟಿಮುಟ್ಟಾದವರ ಲೆಕ್ಕ, ಕೂತು ಏಳುವ ಹೊತ್ತು ಅದರಲ್ಲಿಲ್ಲ. ನಾವು ಅದನ್ನು ಎರಡು ಪಟ್ಟು ಮಾಡಿ, ಮೇಲೊಂದು ತಾಸು ಊಟ, ಹರಟೆಗೆ ಸೇರಿಸುತ್ತೇವೆ. ಹತ್ತಿರ ಹತ್ತಿರ ನಾಲ್ಕು ತಾಸು. ಬೆಳಿಗ್ಗೆ ಎಂಟಕ್ಕೆ ನಡೆಯಲು ಶುರುಮಾಡಿದರೆ ಹನ್ನೆರಡಕ್ಕೆ ಕೆಳಗೆ. ಬಿಸಿಲು ನೆತ್ತಿಗೇರುವ ಹೊತ್ತಿಗೆ ನೆರಳಲ್ಲಿರುತ್ತೀರಿ.

ಮೂರು ವಾರ ಮೊದಲೇ ತಯಾರಿ

ಸೀದಾ ಸೋಫಾದಿಂದ ಎದ್ದು ಗುಡ್ಡಕ್ಕೆ ಹೋಗಬೇಡಿ. ಮೂರು ವಾರ ಮೊದಲೇ ದಿನಾ ಅರ್ಧ ತಾಸು ನಡೆಯಿರಿ. ಕಲಬುರಗಿಯವರಿಗೆ ಅಪ್ಪನ ಕೆರೆಯ ದಂಡೆ ಇದೆ, ಪಬ್ಲಿಕ್ ಗಾರ್ಡನ್ ಇದೆ. ಮನೆಯ ಮಾಳಿಗೆಯ ಮೆಟ್ಟಿಲನ್ನು ದಿನಕ್ಕೆ ನಾಲ್ಕಾರು ಸಲ ಹತ್ತಿ ಇಳಿಯಿರಿ. ಹೊಸ ಶೂ ಕೊಂಡರೆ ಇದೇ ಮೂರು ವಾರ ಹಾಕಿ ಪಳಗಿಸಿ. ಹೊಸ ಶೂ ಹಾಕಿಕೊಂಡು ಹೋದವಳ ಹಿಮ್ಮಡಿಯ ಪಾಡು ನಾನೇ ಉಂಡಿದ್ದೇನೆ.

ಶುಗರ್, ಬಿಪಿ, ಅಸ್ತಮಾ, ಹೃದಯದ ತೊಂದರೆ, ಮೊಣಕಾಲು ಸವೆತ ಇದ್ದವರು ನಿಮ್ಮ ಡಾಕ್ಟರನ್ನು ಕೇಳಿಯೇ ಹೊರಡಿ. ಗುಳಿಗೆಯ ಪ್ರಮಾಣವನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ. ಮೊಣಕಾಲು ನೋವಿದ್ದವರಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟ. ಇಳಿಜಾರಿನಲ್ಲಿ ಸಣ್ಣ ಸಣ್ಣ ಹೆಜ್ಜೆ ಇಡಿ, ಕೈಯಲ್ಲೊಂದು ಗಟ್ಟಿ ಕೋಲಿರಲಿ, ಕಡಿದಾದ ಕಡೆ ಅಡ್ಡಡ್ಡ ಇಳಿಯಿರಿ.

ಉಡುಪಿಗೆ ಹತ್ತಿಯ ಚೂಡಿದಾರ ಒಳ್ಳೆಯದು. ಸೀರೆಯೇ ರೂಢಿ ಇರುವವರು ಉಟ್ಟೇ ಬನ್ನಿ, ಆದರೆ ನೆಲ ಗುಡಿಸುವಂತೆ ಉಡಬೇಡಿ. ಜಾಲಿ ಮುಳ್ಳು, ಬಾರಿ ಮುಳ್ಳು, ಉತ್ತರಾಣಿ ಕಾಳು ಅಂಚಿಗೆ ಹತ್ತಿಕೊಂಡು ಹೈರಾಣ ಮಾಡುತ್ತವೆ. ಕಾಲುಚೀಲ, ತಲೆಗೆ ಟೋಪಿ ಅಥವಾ ಸೆರಗು ಕಡ್ಡಾಯ. ಬಂಗಾರ ಮನೆಯಲ್ಲೇ ಇರಲಿ.

ಹೇಳಲು ನಾಚುವ ಮಾತು

ಹೊರಗೆ ಹೊರಟರೆ ನಾವು ಹೆಣ್ಣುಮಕ್ಕಳು ಮಾಡುವ ಇನ್ನೊಂದು ಉಪವಾಸ ನೀರಿನದು. “ದಾರಿಯಾಗ ಎಲ್ಲಿ ಹೋಗೋದು” ಎಂದು ಬೆಳಿಗ್ಗೆಯಿಂದ ಗುಟುಕು ನೀರೂ ಕುಡಿಯುವುದಿಲ್ಲ. ಬೆವರು ಹರಿಯುವಾಗ ನೀರು ಕುಡಿಯದಿದ್ದರೆ ತಲೆನೋವು, ತಲೆಸುತ್ತು, ಕಾಲು ಸೆಳೆತ. ಮೂತ್ರ ತಡೆದುಕೊಂಡರೆ ಉರಿಮೂತ್ರ, ಸೋಂಕು. ಇದಕ್ಕೆ ನಾವು ಕಂಡುಕೊಂಡ ಉಪಾಯ ಬಹಳ ಸರಳ. ಬಸ್ ಇಳಿದ ಕೂಡಲೇ ಬಸ್ ನಿಲ್ದಾಣದಲ್ಲೋ ಪರಿಚಯದ ಮನೆಯಲ್ಲೋ ಎಲ್ಲರೂ ಹೋಗಿ ಬರುವುದು. ದಾರಿಗೆ ಒಂದು ಹಳೆಯ ಸೀರೆ ಒಯ್ಯುವುದು. ಇಬ್ಬರು ಮರೆ ಹಿಡಿದರೆ ಮೂರನೆಯವರಿಗೆ ಸಂಕೋಚ ಇಲ್ಲ. ನೀರಿನ ಒರತೆ, ಹಳ್ಳ, ಬಾವಿಯಿಂದ ದೂರ ಇರಬೇಕು. ಕಾಗದ, ಪ್ಯಾಡ್ ಏನಿದ್ದರೂ ಕವರಿನಲ್ಲಿ ಕಟ್ಟಿ ವಾಪಸ್ ತರಬೇಕು, ಹೊಲದಲ್ಲಿ ಎಸೆಯಬಾರದು. ತಿಂಗಳ ದಿನವಲ್ಲದಿದ್ದರೂ ಎರಡು ಪ್ಯಾಡ್ ಚೀಲದಲ್ಲಿರಲಿ. ನಿಮಗಲ್ಲದಿದ್ದರೆ ಇನ್ನೊಬ್ಬಳಿಗೆ ಬೇಕಾದೀತು.

ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಬೇಕು. ಒಮ್ಮೆಲೇ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಿರಿ. ವಾಂತಿ ಭೇದಿಯಾಗಿ ಸುಸ್ತಾದರೆ ಕೊಡಲು ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅಳತೆ ಸಮಮಟ್ಟವಾಗಿರಲಿ, ಉಪ್ಪು ಹೆಚ್ಚಾಗದಿರಲಿ.

ಹೊಲ ನಮ್ಮದಲ್ಲ, ಕಾಡೂ ನಮ್ಮದಲ್ಲ

ಹೊಲ ದಾಟುವ ಮೊದಲು ಅಲ್ಲಿದ್ದವರನ್ನು ಒಂದು ಮಾತು ಕೇಳಿ. “ಯಪ್ಪಾ, ಬದುವಿನ ಮ್ಯಾಲೆ ಹಾದು ಹೋಗ್ತೀವಿ” ಅಂದರೆ ಯಾವ ರೈತನೂ ಬೇಡ ಅನ್ನುವುದಿಲ್ಲ, ಮಜ್ಜಿಗೆ ಕೊಟ್ಟು ಕಳಿಸುತ್ತಾನೆ. ಬೆಳೆಯೊಳಗೆ ಕಾಲಿಡಬೇಡಿ. ಹಸಿ ತೊಗರಿ ಕಾಯಿ ಕಂಡರೆ ಬಾಯಲ್ಲಿ ನೀರೂರುತ್ತದೆ, ನಿಜ. ಆದರೆ ಕೇಳದೆ ಹರಿಯಬೇಡಿ. ಕಾಯಿಕೊರಕ ಹುಳುವಿಗಾಗಿ ತೊಗರಿಗೆ ಔಷಧಿ ಹೊಡೆದಿರುತ್ತಾರೆ. ಎಂದು ಹೊಡೆದದ್ದು ಎನ್ನುವುದು ರೈತನಿಗೇ ಗೊತ್ತು. ಕೇಳಿ, ಕೊಂಡು, ಮನೆಗೆ ತಂದು ತೊಳೆದು ಬೇಯಿಸಿ ತಿನ್ನಿ.

ಮೀಸಲು ಅರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಭಾಗದ ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಒಲೆ ಹೂಡಬೇಡಿ, ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಜೇನುಗೂಡಿನ ಬಳಿ ಗದ್ದಲ, ಹೊಗೆ, ಘಮಘಮಿಸುವ ಸೆಂಟು ಬೇಡ. ಕುರಿಗಾರರ ನಾಯಿ ಬೊಗಳುತ್ತ ಬಂದರೆ ಓಡಬೇಡಿ, ನಿಂತುಬಿಡಿ, ಯಜಮಾನ ಕರೆಯುತ್ತಾನೆ.

ಹಾವು, ಚೇಳಿನ ಭಯ ಎಲ್ಲರಿಗೂ ಇದ್ದದ್ದೇ. ಕಲ್ಲಿನ ಸಂದಿಗೆ, ಪೊದೆಗೆ ಕೈ ಹಾಕಬೇಡಿ. ಕೂರುವ ಮೊದಲು ಕೋಲಿನಿಂದ ಜಾಗ ತಟ್ಟಿ ನೋಡಿ. ಅಕಸ್ಮಾತ್ ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿದು ಕಟ್ಟುವುದು ಯಾವುದೂ ಬೇಡ. ಬಳೆ, ಉಂಗುರ, ಕಾಲುಂಗುರ ತೆಗೆದು, ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, ನಡೆಸದೆ ಹೊತ್ತುಕೊಂಡು ಹೋಗಿ ಬೇಗ ಆಸ್ಪತ್ರೆಗೆ ಮುಟ್ಟಿಸಿ. ಮಂತ್ರ ತಂತ್ರಕ್ಕೆ ಹೊತ್ತು ಕಳೆಯಬೇಡಿ.

ಮನೆಯಲ್ಲಿ ಹೇಳುವುದೇ, ಬೇಡವೇ?

ಆ ದಿನ ಬಸ್ಸಿನಲ್ಲಿ ವೈನಿ ನನ್ನ ಕೈ ಹಿಡಿದು, “ಮನ್ಯಾಗ ಹೇಳಬ್ಯಾಡ್ರಿ. ಹೇಳಿದ್ರ ಇನ್ನ ಮುಂದ ಎಲ್ಲೀಗೂ ಬಿಡಂಗಿಲ್ಲ” ಅಂದರು. ನಾವೆಲ್ಲ ಸುಮ್ಮನಾದೆವು. ಅವರ ಮಾತು ಸುಳ್ಳಲ್ಲ. ಒಂದು ಮನೆಯಲ್ಲಿ ಗೊತ್ತಾದರೆ ಹನ್ನೊಂದು ಮನೆಯಲ್ಲೂ ಗೊತ್ತಾಗುತ್ತದೆ. “ನಾನು ಮೊದಲೇ ಹೇಳಿರಲಿಲ್ಲವೇ” ಎನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ಹಾಗಂತ ಮುಚ್ಚಿಟ್ಟರೆ? ನಾಳೆ ಅಡುಗೆ ಮನೆಯಲ್ಲೇ ಹೀಗಾದರೆ ಏನು ಮಾಡಬೇಕೆಂದು ಮನೆಯವರಿಗೆ ಗೊತ್ತಿರುವುದಿಲ್ಲವಲ್ಲ!

ಕೊನೆಗೆ ಕಾಕು ಅಂದರು: “ಗುಡ್ಡ ಹತ್ತಿದ್ದಕ್ಕ ಹಿಂಗಾಗಿಲ್ಲವಾ. ಉಣ್ಣದೆ ಬಂದಿದ್ದಕ್ಕ ಆಗ್ಯಾದ. ಅದನ್ನೇ ಹೇಳು.”

ಎರಡು ದಿನ ಬಿಟ್ಟು ವೈನಿ ತಾವೇ ಹೇಳಿದರು. ಮನೆಯಲ್ಲಿ ಸಿಟ್ಟು, ಮಾತು ಎಲ್ಲ ಆಯಿತು. ಒಂದು ತಿಂಗಳು ಬೀಸಿಗೂ ಅವರನ್ನು ಕಳಿಸಲಿಲ್ಲ. ಆಮೇಲೆ ಯಜಮಾನರೇ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರು ನಡಿಗೆ ಬಿಡಿ ಅನ್ನಲಿಲ್ಲ, ಉಣ್ಣದೆ ಗುಳಿಗಿ ನುಂಗಬೇಡಿ ಅಂದರಂತೆ. ಔಷಧಿ ತೆಗೆದುಕೊಳ್ಳುವ ಹೊತ್ತನ್ನೂ ತಿದ್ದಿ ಬರೆದುಕೊಟ್ಟರು. ಈಗ ಅವರ ಮನೆಯಲ್ಲಿ ಬೆಳಿಗ್ಗೆ ಮೊದಲ ರೊಟ್ಟಿ ವೈನಿಯ ತಾಟಿಗೆ. ಇದೊಂದು ಬದಲಾವಣೆಗೆ ಗುಡ್ಡ ಹತ್ತಬೇಕಾಯಿತು ನೋಡಿ.

ಮುಂದಿನ ಚಳಿಗಾಲದಲ್ಲಿ ಮತ್ತೆ ಕಮಲಾಪುರಕ್ಕೆ ಹೋದೆವು. ಈ ಸಲ ಎಂಜಿನ್ ನಮ್ಮ ವೈನಿಯೇ! ಅವರ ಹಿಂದೆ ಹತ್ತು ಮಂದಿ, ಗಾರ್ಡ್ ಡಬ್ಬಿಯಲ್ಲಿ ಟೀಚರ್ ಅಕ್ಕ. ಹೋದ ಸಲ ಓಡಿದ ದಾರಿಯಲ್ಲೇ ನಿಧಾನ ನಡೆದಾಗ ಎಷ್ಟೊಂದು ಕಂಡಿತು! ಕುಸುಬಿ ಹೊಲದ ಹಳದಿ ಹೂ, ತಂಗಡಿ ಗಿಡ, ಬದುವಿನ ಮೇಲೆ ನವಿಲಿನ ಹೆಜ್ಜೆ. ಬೇವಿನ ಮರದ ಬಳಿ ಬಂದಾಗ ಎಲ್ಲರೂ ತಾವಾಗಿಯೇ ನಿಂತರು. ಬೆಲ್ಲ ಕೊಟ್ಟ ತಾಯಿಗೆಂದು ವೈನಿ ಒಂದು ಸೀರೆ, ಒಂದು ಪೆಂಟಿ ಬೆಲ್ಲ ತಂದಿದ್ದರು. ತಾಂಡಾಕ್ಕೆ ಹೋಗಿ ಕೇಳಿದರೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದ ಮಗನ ಹಿಂದೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೋಗಿದ್ದಾರೆ ಅಂದರು. ಸೀರೆಯನ್ನು ನೆರೆಯವರ ಕೈಯಲ್ಲಿ ಕೊಟ್ಟು ಬಂದೆವು. ಬೆಲ್ಲವನ್ನು ಅಲ್ಲಿದ್ದ ಮಕ್ಕಳಿಗೆ ಹಂಚಿದೆವು.

ಮುಂದೆ ಚಿಂಚೋಳಿಗೆ ಹೋಗುವ ಆಸೆ ಇದೆ. 2011ರಲ್ಲಿ ವನ್ಯಜೀವಿಧಾಮವಾದ, ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ ಕಾಡು ಅದು. ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತ ಅದೇ ಸೀಮೆಯವು. ಅದಕ್ಕೆ ಅನುಮತಿ, ಗಾಡಿ, ಇನ್ನಷ್ಟು ತಯಾರಿ ಬೇಕು. ಮೊದಲು ಹತ್ತಿರದ ಗುಡ್ಡ, ಆಮೇಲೆ ದೂರದ್ದು.

ನಿಮ್ಮ ಊರ ಹತ್ತಿರವೂ ಒಂದು ಗುಡ್ಡ ಇದ್ದೇ ಇರುತ್ತದೆ. ನಾಲ್ಕು ಜನ ಗೆಳತಿಯರಿಗೆ ಇವತ್ತೇ ಹೇಳಿ, ಒಂದು ದಿನ ಗೊತ್ತು ಮಾಡಿ. ಹೊರಡುವ ದಿನ ಬಾಗಿಲಲ್ಲಿ ನಿಂತು ಒಬ್ಬರಿಗೊಬ್ಬರು ಕೇಳಬೇಕಾದ ಮೊದಲ ಮಾತು “ಎಲ್ಲಾ ತಗೊಂಡ್ರೇನು?” ಎಂದಲ್ಲ. “ಉಂಡ್ರೇನು?” ಎಂದು. ಏನಂತೀರಿ?

ಹೊರಡುವ ಮುನ್ನ ಒಮ್ಮೆ ನೋಡಿ

* ನಾಷ್ಟಾ ಆಯಿತೇ? ಆಗದಿದ್ದರೆ ಬಸ್ಸು ಹೋದರೂ ಹೋಗಲಿ, ಮುಂದಿನದಕ್ಕೆ ಹೋಗಿ.
* ಯಾರಿಗೆ ಯಾವ ಕಾಯಿಲೆ, ಯಾವ ಗುಳಿಗೆ, ಮನೆಯ ಫೋನ್ ನಂಬರ್ ಯಾವುದು? ಒಂದು ಚೀಟಿ ಗಾರ್ಡ್ ಬಳಿ, ಇನ್ನೊಂದು ಊರಲ್ಲಿ ಉಳಿದ ಒಬ್ಬರ ಬಳಿ ಇರಲಿ.
* ಎಲ್ಲಿಗೆ ಹೋಗುತ್ತೀರಿ, ಎಷ್ಟಕ್ಕೆ ವಾಪಸ್ ಎಂದು ಮನೆಯಲ್ಲಿ ಹೇಳಿ. ಗುಡ್ಡದಲ್ಲಿ ಫೋನ್ ಹತ್ತದೇ ಇರಬಹುದು ಎಂಬುದನ್ನೂ ಹೇಳಿ.
* ಪ್ರತಿಯೊಬ್ಬರ ಚೀಲದಲ್ಲೂ ಸಕ್ಕರೆ ಅಥವಾ ಗ್ಲೂಕೋಸ್, ಎರಡು ಲೀಟರ್ ನೀರು, ಒಂದು ಸೀಟಿ.
* ಬುತ್ತಿಗೆ ಕೆಡದ ತಿನಿಸು: ಕಡಕ್ ರೊಟ್ಟಿ, ಧಪಾಟಿ, ಶೇಂಗಾ ಹಿಂಡಿ, ಮಂಡಾಳ. ಎಲ್ಲವನ್ನೂ ಒಬ್ಬರ ಮೇಲೆ ಹೊರಿಸಬೇಡಿ, ಹಂಚಿಕೊಳ್ಳಿ.
* ಹಸಿವಾದವರು ಯಾರಿಗೂ ಕಾಯದೆ ತಿನ್ನಬಹುದು ಎಂದು ಮೊದಲೇ ಎಲ್ಲರಿಗೂ ಹೇಳಿಬಿಡಿ.
* ಗಾರ್ಡ್ ಚೀಲದಲ್ಲಿ ಬ್ಯಾಂಡೇಜ್, ಹತ್ತಿ, ಮುಳ್ಳು ತೆಗೆಯುವ ಚಿಮಟಿ, ಓಆರ್‌ಎಸ್.
* ತುರ್ತಿಗೆ 108 ಆಂಬುಲೆನ್ಸ್, 112 ಪೊಲೀಸ್ ನೆರವು.
* ನಿಧಾನ ನಡೆಯುವವರು ಮುಂದೆ. ಅರ್ಧ ತಾಸಿಗೊಮ್ಮೆ ಎಣಿಕೆ.